ರೇಸಿನಿಂದ ಬಂದ ಕುದುರೆಗೆ ಲಾಳ ತೆಗೆಸಬಹುದೇ?

ಪ್ರಶ್ನೆ: ಮೈಸೂರಿನ ಹತ್ತಿರದ ನಮ್ಮ ತೋಟಕ್ಕೆ ರೇಸು ಬಿಟ್ಟ ಏಳು ವರ್ಷದ ಥರೋಬ್ರೆಡ್ (ರೇಸಿನ ತಳಿ) ಹೆಣ್ಣುಕುದುರೆ ತಂದಿದ್ದೇವೆ. ನಾಲ್ಕು ಕಾಲಿಗೂ ಲಾಳವಿದೆ. ವಾರಕ್ಕೆ ನಾಲ್ಕು ದಿನ ಸವಾರಿ, ಅರ್ಧ ಮಣ್ಣುದಾರಿ, ಅರ್ಧ ಜಲ್ಲಿ ಎದ್ದ ರಸ್ತೆ. ಲಾಳ ತೆಗೆಸಿ ಎನ್ನುವವರೂ ಇದ್ದಾರೆ, ತೆಗೆಸಿದರೆ ಕುಂಟುತ್ತದೆ ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಕುದುರೆಯ ಅಂಗಾಲು ಹೇಳುವುದನ್ನು ಕೇಳಿ. ಪಶುವೈದ್ಯರಿಂದ ಎರಡೂ ಮುಂಗಾಲುಗಳ ಗೊರಸಿಗೆ ಪಕ್ಕದಿಂದ ಎಕ್ಸ್‌ರೇ ತೆಗೆಸಿ. ಗೊರಸಿನೊಳಗಿನ ಮೂಳೆಯ ತುದಿಯ ಕೆಳಗೆ ಅಂಗಾಲಿನ ದಪ್ಪ 15 ಮಿ.ಮೀ. ಆಸುಪಾಸಿನಲ್ಲಿದ್ದರೆ ಬರಿಗೊರಸಿಗೆ ಧೈರ್ಯ ಮಾಡಬಹುದು. 10 ಮಿ.ಮೀ.ಗಿಂತ ಕಡಿಮೆಯಿದ್ದರೆ ಜಲ್ಲಿಯ ಮೇಲೆ ಪ್ರತಿ ಹೆಜ್ಜೆಯೂ ನೋವು. ಹೆಬ್ಬೆರಳಿನಿಂದ ಒತ್ತಿದಾಗ ಅಂಗಾಲು ಬಳುಕಿದರೆ ಎಕ್ಸ್‌ರೇಗೂ ಮೊದಲೇ ಅದು ತೆಳುವೆಂಬ ಉತ್ತರ ಸಿಕ್ಕಂತೆ. ರೇಸಿನ ಥರೋಬ್ರೆಡ್‌ಗಳಲ್ಲಿ ತೆಳು, ಚಪ್ಪಟೆ ಅಂಗಾಲು ಸಾಮಾನ್ಯ. ಅಲ್ಯೂಮಿನಿಯಂ ಲಾಳವನ್ನು ಮತ್ತೆ ಮತ್ತೆ ಬದಲಿಸಿ ಹೊರಗೋಡೆಯೂ ಮೊಳೆತೂತುಗಳಿಂದ ದುರ್ಬಲವಾಗಿರುತ್ತದೆ.

ನಿಮ್ಮ ದಾರಿ, ನಿಮ್ಮ ಸವಾರಿ ನೋಡಿದರೆ ನಮ್ಮ ಸಲಹೆ ಇದು: ಮೊದಲು ಹಿಂಗಾಲಿನ ಲಾಳ ಮಾತ್ರ ತೆಗೆಸಿ. ಮೈಭಾರದ ಸುಮಾರು ಶೇ 60 ಮುಂಗಾಲಿನ ಮೇಲಿರುವುದರಿಂದ ಹಿಂಗಾಲು ಬೇಗ ಒಗ್ಗುತ್ತದೆ. ಮುಂಗಾಲಿನ ಮಾತು ಎಕ್ಸ್‌ರೇ ನೋಡಿದ ಮೇಲೆ. ಮಳೆಗಾಲದಲ್ಲಿ ಬೇಡ, ನೆನೆದು ಮೆತ್ತಗಾದ ಅಂಗಾಲಿಗೆ ಕಲ್ಲೊತ್ತು ಬೇಗ. ಏಪ್ರಿಲ್‌ನಲ್ಲೂ ಬೇಡ, ಒಣಗಿದ ಗೋಡೆ ಹಳೆಯ ಮೊಳೆತೂತಿನ ಹತ್ತಿರ ಚಕ್ಕೆಯೇಳುತ್ತದೆ. ಮಳೆ ನಿಂತ ನವೆಂಬರ್ ಕೊನೆ–ಡಿಸೆಂಬರ್ ಒಳ್ಳೆಯ ಕಾಲ.

ತೆಗೆಯುವಾಗ ಮಡಚಿದ ಮೊಳೆತುದಿಗಳನ್ನು ಬಿಡಿಸಿ, ಮೊಳೆಗಳನ್ನು ಒಂದೊಂದಾಗಿ ಕೀಳಬೇಕು. ಲಾಳವನ್ನೇ ಹಿಡಿದು ಎಳೆದರೆ ಗೋಡೆ ಕಿತ್ತು ಬರುತ್ತದೆ. ಆಮೇಲೆ ಅಂಚನ್ನು ಅರದಿಂದ ದುಂಡಗೆ ಮಾಡಿದರೆ ಸಾಕು. ಇಲ್ಲೇ ಹೆಚ್ಚಿನವರು ಎಡವುವುದು: ಹೊಸ ಲಾಳಕ್ಕೆ ಸಿದ್ಧಪಡಿಸುವ ಅಭ್ಯಾಸದಲ್ಲಿ ಅಂಗಾಲನ್ನೂ ನಡುವಿನ ಮೆತ್ತನೆಯ ತ್ರಿಕೋನವನ್ನೂ ಚಾಕುವಿನಿಂದ ಹೆರೆದುಬಿಡುತ್ತಾರೆ. ಇನ್ನು ಮೇಲೆ ನೆಲ ಮೆಟ್ಟಬೇಕಾದ್ದೇ ಆ ಭಾಗ. ಮರುದಿನ ಕುದುರೆ ಕುಂಟಿದರೆ ತಪ್ಪು ಲಾಳ ತೆಗೆದದ್ದರಲ್ಲಿಲ್ಲ.

ಎರಡು ವಾರ ಬೆನ್ನೇರಬೇಡಿ. ದಿನಕ್ಕೆ 15–20 ನಿಮಿಷ ಮಣ್ಣಿನ ಮೇಲೆ ಕೈಯಲ್ಲಿ ಹಿಡಿದು ನಡೆಸಿ. ನಂತರ ಮಣ್ಣುದಾರಿಯಲ್ಲಿ ಸವಾರಿ. ಮುಂದೆ ಮುಂಗಾಲನ್ನೂ ಬರಿದು ಮಾಡಿದರೆ ಜಲ್ಲಿಯ ಮೇಲೆ ಗೊರಸಿನ ಬೂಟು ಹಾಕಿ. ಅಳತೆಯನ್ನು ಗೊರಸು ಸವರಿದ ದಿನವೇ, ಉದ್ದ ಅಗಲ ಎರಡನ್ನೂ, ತೆಗೆದುಕೊಳ್ಳಿ. ಗೊರಸು ತಿಂಗಳಿಗೆ 6–10 ಮಿ.ಮೀ. ಬೆಳೆಯುತ್ತದೆ. ಮುಂತುದಿ ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಅಷ್ಟು ಕಾಯುವ ಮನಸ್ಸಿಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.

ನಡೆಯುವಾಗ ಪಕ್ಕದಿಂದ ನೋಡಿ. ಹಿಮ್ಮಡಿ ಮೊದಲು ಊರಿದರೆ ಸರಿಯಾಗಿದೆ. ವಾರಗಟ್ಟಲೆ ತುದಿಯನ್ನೇ ಮೊದಲು ಊರುತ್ತಿದ್ದರೆ ಹಟ ಬೇಡ, ಮತ್ತೆ ಲಾಳ ಕಟ್ಟಿಸಿ. ಒಂದೇ ಕಾಲು ದಿಢೀರನೆ ಕುಂಟಿ ಗೊರಸು ಬಿಸಿಯಾದರೆ ಒಳಗೆ ಕೀವು ಕಟ್ಟಿರಬಹುದು. ಎರಡೂ ಮುಂಗಾಲನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತರೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರದ ಉರಿಯೂತ) ಎಂದೇ ತಿಳಿಯಿರಿ. ನಡೆಸಬೇಡಿ, ಕಾಳು ನಿಲ್ಲಿಸಿ, ಗೊರಸಿಗೆ ಮಂಜುಗಡ್ಡೆ ಇಡಿ, ಆ ಗಳಿಗೆಯಲ್ಲೇ ವೈದ್ಯರನ್ನು ಕರೆಸಿ.

ಪ್ರಶ್ನೆ: ಲಾಳ ಇನ್ನೂ ಸವೆದಿಲ್ಲ. ಎರಡೂವರೆ ತಿಂಗಳು ಬಿಡಬಹುದೇ?

ಉತ್ತರ: ಬೇಡ. ಲಾಳ ಸವೆಯದಿದ್ದರೂ ಗೊರಸು ಬೆಳೆಯುತ್ತಲೇ ಇರುತ್ತದೆ. ಲಾಳ ಮುಂದಕ್ಕೆ ಸರಿದು, ಅದರ ಹಿಂತುದಿ ಹಿಮ್ಮಡಿಯ ಅಂಗಾಲನ್ನು ಒತ್ತಿ ಗಾಯ ಮಾಡುತ್ತದೆ. 5–6 ವಾರಕ್ಕೊಮ್ಮೆ ಬಿಚ್ಚಿಸಿ, ಗೊರಸು ಸವರಿಸಿ. ದಪ್ಪವಿದ್ದರೆ ಅದೇ ಲಾಳವನ್ನು ಮತ್ತೆ ಕಟ್ಟಿಸಬಹುದು.

ಪ್ರಶ್ನೆ: ಊರಿನಲ್ಲಿ ಎತ್ತಿಗೆ ಲಾಳ ಕಟ್ಟುವವರಿಂದಲೇ ಕುದುರೆಗೂ ಕಟ್ಟಿಸಬಹುದೇ?

ಉತ್ತರ: ಅವರ ಕೈಚಳಕದ ಬಗ್ಗೆ ನಮಗೆ ಗೌರವವಿದೆ, ಆದರೆ ಎತ್ತಿನ ಗೊರಸು ಸೀಳಿದ್ದು, ಕುದುರೆಯದು ಇಡಿಯಾದದ್ದು. ಕುದುರೆಯಲ್ಲಿ ಮೊಳೆ ಅಂಗಾಲಿನ ಸುತ್ತಲಿನ ಬಿಳಿಗೆರೆಯ ಹೊರಗೇ ಇಳಿದು, ಎರಡು ಸೆಂ.ಮೀ. ಮೇಲೆ ಗೋಡೆಯಿಂದ ಹೊರಬರಬೇಕು. ಕೂದಲೆಳೆಯಷ್ಟು ಒಳಹೋದರೂ ಜೀವಭಾಗಕ್ಕೆ ತಗಲುತ್ತದೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲಿ ಪಳಗಿದ, ಕುದುರೆಗೆ ಲಾಳ ಕಟ್ಟುವ ನಾಲ್‌ಬಂದ್‌ಗಳನ್ನು ಕರೆಸುವುದು ಕ್ಷೇಮ. ಮೊಳೆ ಹೊಡೆಯುವಾಗ ಕುದುರೆ ಕಾಲು ಕಿತ್ತುಕೊಂಡರೆ ಆ ಮೊಳೆಯನ್ನು ಕೂಡಲೇ ತೆಗೆಸಿ, ತೂತಿಗೆ ಅಯೋಡಿನ್ ಹಾಕಿ, ಟೆಟನಸ್ ಲಸಿಕೆಯ ಬಗ್ಗೆ ಅಂದೇ ವೈದ್ಯರಿಗೆ ಫೋನ್ ಮಾಡಿ.