ಎತ್ತರದವರು ತೆಗೆದ ಫೋಟೋದಲ್ಲಿ ಕಾಲು ಗಿಡ್ಡವೇಕೆ?

ನೀವು ಆರಡಿ ಮೂರಂಗುಲ ಎತ್ತರವಿದ್ದೀರಿ, ನೀವು ತೆಗೆದ ಫೋಟೋಗಳಲ್ಲಿ ಎಲ್ಲರ ತಲೆ ದಪ್ಪ, ಕಾಲು ಗಿಡ್ಡವಾಗಿ ಕಾಣುತ್ತದೆ, ಲೆನ್ಸ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಬೇಡ, ಹಣ ಉಳಿಸಿಕೊಳ್ಳಿ. ತಕರಾರು ಲೆನ್ಸಿನದಲ್ಲ, ಕ್ಯಾಮೆರಾ ಇರುವ ಜಾಗದ್ದು.

ನಿಮ್ಮ ಕಣ್ಣು ನೆಲದಿಂದ ಸುಮಾರು 180 ಸೆಂ.ಮೀ. ಮೇಲಿರುತ್ತದೆ. ಎರಡು ಮೀಟರ್ ದೂರದಲ್ಲಿ ನಿಂತವರ ಮುಖ ಕ್ಯಾಮೆರಾದಿಂದ ಎರಡೇ ಮೀಟರ್. ಪಾದ ಮಾತ್ರ 2.7 ಮೀಟರ್. ದೂರದ್ದು ಚಿಕ್ಕದಾಗಿ ಕಾಣಲೇಬೇಕಲ್ಲ! ಅವರಿಂದ ಐದು ಮೀಟರ್ ದೂರದಲ್ಲಿ ನಿಂತರೆ ಪಾದದ ದೂರ 5.3 ಮೀಟರ್ ಅಷ್ಟೇ, ಆ ಏರುಪೇರು ಬಹುತೇಕ ಮಾಯವಾಗುತ್ತದೆ. ಆಗ ಜೂಮ್ ಮಾಡಿಕೊಳ್ಳಿ.

ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಕ್ಯಾಮೆರಾವನ್ನು ಎದುರಿನವರ ಸೊಂಟದ ಮಟ್ಟಕ್ಕೆ ಇಳಿಸಿ, ಕೆಳಕ್ಕೆ ಬಾಗಿಸದೆ ನೇರವಾಗಿ ಹಿಡಿಯಿರಿ. ಕ್ಯಾಮೆರಾಗೆ ಮೇಲಕ್ಕೆ ತಿರುಗಿಸುವ ಪರದೆಯಿದ್ದರೆ ಬೆನ್ನಿಗೂ ನೆಮ್ಮದಿ. ಮುಖ ಮಾತ್ರ ಬೇಕಿದ್ದರೆ ಅವರ ಕಣ್ಣಿನ ಮಟ್ಟ ಸಾಕು. ಮಕ್ಕಳಾದರೆ ಮಂಡಿಯೂರುವುದೊಂದೇ ದಾರಿ.

ಅಂದಹಾಗೆ, ಸಾಲುಸಾಲಾಗಿ ನಿಂತ ಗುಂಪಿನ ಫೋಟೋಗೆ ಬಗ್ಗಬೇಡಿ, ಅಲ್ಲಿ ನಿಮ್ಮ ಎತ್ತರವೇ ಅನುಕೂಲ. ಹಿಂದಿನ ಸಾಲಿನ ಮುಖಗಳು ಕಾಣಲು ನಮ್ಮಂಥ ಕುಳ್ಳರು ಸ್ಟೂಲ್ ಹುಡುಕಬೇಕಾಗುತ್ತದೆ.