ಕ್ಲೋರ್‌ಪ್ರೊಮಜಿನ್ ತಗೊಂಡ್ರೆ ರಕ್ತಕಣದ ಪೊರೆ ಹಾಳಾಗುತ್ತಾ?

ಅಣ್ಣನಿಗೆ ಸ್ಕಿಜೋಫ್ರೇನಿಯಾಕ್ಕೆ ಈ ಮಾತ್ರೆ ಕೊಟ್ಟಿದ್ದಾರೆ, ರಕ್ತಕ್ಕೆ ಏನಾದ್ರೂ ಆಗುತ್ತಾ ಅಂತ ಕೇಳಿದ್ರಲ್ಲ, ನಾನು ಡೊಂಬಿವಲಿಯಲ್ಲಿ ಲ್ಯಾಬ್ ಕೆಲಸ ಮಾಡೋನು, ಗೊತ್ತಿರೋದು ಹೇಳ್ತೀನಿ. ಕೆಂಪು ಕಣದ ಪೊರೆ ಎರಡು ಪದರದ್ದು, ಒಳಪದರದಲ್ಲಿ ನೆಗೆಟಿವ್ ಚಾರ್ಜ್ ಇರೋ ಕೊಬ್ಬು ಜಾಸ್ತಿ, ಔಷಧದ್ದು ಪಾಸಿಟಿವ್ ಚಾರ್ಜ್, ಹಾಗಾಗಿ ಅದು ಹೋಗಿ ಒಳಪದರದಲ್ಲೇ ತೂರಿಕೊಳ್ಳುತ್ತೆ, ಒಳಗಿಂದು ಹಿಗ್ಗುತ್ತೆ ಹೊರಗಿಂದು ಹಾಗೇ ಇರುತ್ತೆ. ಹೊಸ ಸೀರೆ ಒಗೆದಾಗ ಫಾಲ್ ಒಂದೇ ಕುಗ್ಗಿ ಅಂಚು ಸುರುಟಿಕೊಳ್ಳಲ್ವಾ, ಅದೇ ಲೆಕ್ಕ, ಎರಡು ಪದರದ ಅಳತೆ ತಪ್ಪಿದ್ರೆ ಬಗ್ಗಲೇಬೇಕು. ಬಿಲ್ಲೆ ಥರ ಇದ್ದ ಕಣ ಬಟ್ಟಲು ಥರ ಆಗುತ್ತೆ. 1974ರಲ್ಲಿ ಶೀಟ್ಜ್, ಸಿಂಗರ್ ಅನ್ನೋ ವಿಜ್ಞಾನಿಗಳು ಇದನ್ನ ವಿವರಿಸಿದ್ರು. ತಮಾಷೆ ಅಂದ್ರೆ ಸ್ವಲ್ಪ ಇದ್ರೆ ಇದೇ ಔಷಧ ಕಣ ನೀರು ಕುಡಿದು ಒಡೆಯೋದನ್ನ ತಡೆಯುತ್ತೆ, ವಿಪರೀತ ಆದ್ರೆ ತಾನೇ ಒಡೆದುಹಾಕುತ್ತೆ.

ಆದ್ರೆ ಇದು ಟೆಸ್ಟ್ ಟ್ಯೂಬಿನ ಕಥೆ ಮಾರಾಯ್ರೆ. ಮೈಯೊಳಗೆ ಔಷಧದ 90%ಕ್ಕಿಂತ ಜಾಸ್ತಿ ಪ್ಲಾಸ್ಮಾ (ರಕ್ತದ ದ್ರವಭಾಗ) ಪ್ರೋಟೀನಿಗೇ ಅಂಟಿಕೊಂಡಿರುತ್ತೆ, ಕಣದ ಪೊರೆಗೆ ಸಿಗೋದು ಸ್ವಲ್ಪವೇ. ಹೆದರಿ ಮಾತ್ರೆ ನಿಲ್ಲಿಸಬೇಡಿ. ಜ್ವರ, ಗಂಟಲುನೋವು ಬಂದ್ರೆ ಮಾತ್ರ ತಕ್ಷಣ ಡಾಕ್ಟರಿಗೆ ಹೇಳಿ ಸಿಬಿಸಿ (ರಕ್ತಕಣ ಎಣಿಸೋ ಪರೀಕ್ಷೆ) ಮಾಡಿಸಿ, ಅಪರೂಪಕ್ಕೆ ಬಿಳಿ ಕಣ ಇಳಿಯೋದುಂಟು, ಅದು ಬೇರೆ ವಿಷಯ.