ಇಂಟ್ರಾಮ್ಯೂರಲ್ ಎಂದರೆ ಅಂತರ ಕಾಲೇಜು ಅಲ್ಲ, ಬರೀ ‘ಆಂತರಿಕ’ವೂ ಅಲ್ಲ

ಇಂಟ್ರಾಮ್ಯೂರಲ್ ಎಂಬ ವಿಶೇಷಣಕ್ಕೆ ‘ಆಂತರಿಕ’ ಎಂದು ಅರ್ಥವೇ, ಕಚೇರಿಯೊಳಗಿನ ಸಭೆ, ತರಬೇತಿಗಳಿಗೂ ಅದನ್ನು ಬಳಸಬಹುದೇ ಎಂದು ಕೇಳಿದ್ದೀರಿ. ನನಗೆ ಈ ಪದದಿಂದ ಒಂದು ನೌಕರಿಯೇ ತಪ್ಪಿದೆ.

ಶಿವಮೊಗ್ಗದಲ್ಲಿ ಪದವಿ ಓದುವಾಗ ನಾನು ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ವಾಲಿಬಾಲ್ ಪಂದ್ಯಾವಳಿಗಳಲ್ಲಿ ಆಡಿ, ಸಾಗರ, ತೀರ್ಥಹಳ್ಳಿಗಳ ತಂಡಗಳನ್ನು ಎದುರಿಸಿದವನು. ಮುಂದೆ ಕ್ರೀಡಾ ಸಾಧನೆಗೆ ಪ್ರತ್ಯೇಕ ಅಂಕವಿದ್ದ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಾಗ, ಪಂದ್ಯದ ಮಟ್ಟವನ್ನು ಇಂಗ್ಲಿಷಿನಲ್ಲಿ ನಮೂದಿಸಬೇಕಾದ ಕಾಲಂನಲ್ಲಿ ‘ಇಂಟ್ರಾಮ್ಯೂರಲ್’ ಎಂದು ದಪ್ಪಕ್ಷರಗಳಲ್ಲಿ ಬರೆದೆ. ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯ ಸೂಚನಾ ಫಲಕದಲ್ಲಿ ಆ ಪದವನ್ನು ನಿತ್ಯ ನೋಡುತ್ತಿದ್ದೆ. ಕಿವಿಗೆ ‘ಇಂಟ್ರಾ’ ಎಂಬುದು ನಮ್ಮ ‘ಅಂತರ’ದಂತೆಯೇ ಕೇಳಿಸುತ್ತಿತ್ತು. ನಮ್ಮಲ್ಲಿ ‘ಅಂತರ ಕಾಲೇಜು’ ಎಂದರೆ ಕಾಲೇಜು ಕಾಲೇಜುಗಳ ನಡುವಿನದು, ‘ಆಂತರಿಕ ಮೌಲ್ಯಮಾಪನ’ ಎಂದರೆ ಕಾಲೇಜಿನ ಒಳಗೇ ಮುಗಿಯುವುದು. ಎರಡೂ ಒಂದೇ ಬೇರಿನವು, ಅರ್ಥ ಮಾತ್ರ ಎದುರುಬದುರು. ‘ಅಂತರ’ಕ್ಕೆ ಸಾಟಿಯಾದದ್ದು ‘ಇಂಟರ್’, ‘ಆಂತರಿಕ’ಕ್ಕೆ ಸಮೀಪವಾದದ್ದು ‘ಇಂಟ್ರಾ’. ನಾನು ತಿರುವುಮುರುವು ಮಾಡಿದ್ದೆ. ಪ್ರಮಾಣಪತ್ರ ತೋರಿಸುವ ಅವಕಾಶವಿದ್ದುದು ಮೊದಲ ಪರಿಶೀಲನೆಯಲ್ಲಿ ಉಳಿದವರಿಗೆ ಮಾತ್ರ. ನನ್ನದು ಕಾಲೇಜಿನೊಳಗಿನ ಆಟವೆಂದು ಎಣಿಸಿ ಕ್ರೀಡಾಂಕ ಕೊಡಲಿಲ್ಲ. ವಿಚಾರಿಸಲು ಹೋದಾಗ ಗುಮಾಸ್ತರು ಆ ಕಾಲಂನ ಮೇಲೆ ಬೆರಳಿಟ್ಟು, ‘ನೀವೇ ಬರೆದದ್ದಲ್ಲವೇ’ ಎಂದರು.

ಲ್ಯಾಟಿನಿನಲ್ಲಿ ‘ಇಂಟ್ರಾ’ ಎಂದರೆ ಒಳಗೆ, ‘ಮ್ಯೂರಸ್’ ಎಂದರೆ ಗೋಡೆ. ಭಿತ್ತಿಚಿತ್ರವನ್ನು ‘ಮ್ಯೂರಲ್’ ಎನ್ನುವುದೂ ಇದೇ ಗೋಡೆಯಿಂದ. ಒಂದು ಸಂಸ್ಥೆಯ ಗೋಡೆಯೊಳಗೆ, ಅದರದೇ ಸದಸ್ಯರ ನಡುವೆ ನಡೆಯುವುದು ಇಂಟ್ರಾಮ್ಯೂರಲ್. ಬಿ.ಎ.ಯವರೂ ಬಿ.ಕಾಂ.ನವರೂ ಕಬಡ್ಡಿ ಆಡಿದರೆ ಅದು ತರಗತಿಗಳ ನಡುವಿನ ಪಂದ್ಯವಾದರೂ ಇಂಟ್ರಾಮ್ಯೂರಲ್. ಪಕ್ಕದ ಕಾಲೇಜಿನ ತಂಡ ಬಂದೊಡನೆ ದೈಹಿಕ ಶಿಕ್ಷಣದವರ ಭಾಷೆಯಲ್ಲಿ ಅದು ಎಕ್ಸ್‌ಟ್ರಾಮ್ಯೂರಲ್. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1913ರಲ್ಲೇ ಇಂತಹ ಒಳ ಪಂದ್ಯಗಳಿಗೆಂದು ಪ್ರತ್ಯೇಕ ವಿಭಾಗ ತೆರೆದಿತ್ತು. ಸಂಶೋಧನೆಯಲ್ಲೂ ಈ ಜೋಡಿಯಿದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನದೇ ಸಂಸ್ಥೆಗಳಲ್ಲಿ ನಡೆಸುವುದು ಇಂಟ್ರಾಮ್ಯೂರಲ್, ಹೊರಗಿನ ಕಾಲೇಜುಗಳಿಗೆ ಅನುದಾನ ಕೊಟ್ಟು ಮಾಡಿಸುವುದು ಎಕ್ಸ್‌ಟ್ರಾಮ್ಯೂರಲ್. ವೈದ್ಯರ ಬಳಕೆ ಮಾತ್ರ ಬೇರೆ. ಸ್ಕ್ಯಾನಿಂಗ್ ವರದಿಯ ‘ಇಂಟ್ರಾಮ್ಯೂರಲ್ ಫೈಬ್ರಾಯ್ಡ್’ ಗರ್ಭಕೋಶದ ಗೋಡೆಯ ದಪ್ಪದಲ್ಲೇ ಬೆಳೆದ ಗಡ್ಡೆ.

ಆದ್ದರಿಂದ ‘ಆಂತರಿಕ’ ಎಂಬ ಒಂದೇ ಪದವನ್ನು ಎಲ್ಲ ಕಡೆಗೂ ಹೊಂದಿಸುವ ನಿಮ್ಮ ಯೋಚನೆ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಕಚೇರಿಯ ಸಭೆಗೆ ‘ಇಂಟರ್ನಲ್’ ಸಾಕು, ಸ್ವಂತ ಸಿಬ್ಬಂದಿಯೇ ಕೊಡುವ ತರಬೇತಿಗೆ ‘ಇನ್‌ಹೌಸ್’ ಸರಿ. ಶಾಖೆಯವರೆಲ್ಲ ಸೇರಿ ತಮ್ಮತಮ್ಮಲ್ಲೇ ಕೇರಂ ಪಂದ್ಯ ಇಟ್ಟುಕೊಂಡರೆ ಆಗ ‘ಇಂಟ್ರಾಮ್ಯೂರಲ್’ ಎಂದು ಧಾರಾಳವಾಗಿ ಬರೆಯಿರಿ. ಅರ್ಜಿಯಲ್ಲಾದರೆ ಪ್ರಮಾಣಪತ್ರದಲ್ಲಿರುವ ಪದವನ್ನೇ ಅಕ್ಷರಶಃ ನಕಲು ಮಾಡಿ.